ತೊಟ್ಟಿಲಿನಿಂದ ವಿಮಾನಕ್ಕೆ ಎಷ್ಟು ದಿನ?

ನಮ್ಮ ದೊಡ್ಡಬಳ್ಳಾಪುರದ ಕಡೆ ಹಸಿ ಬಾಣಂತಿಯನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಹನ್ನೊಂದು ದಿನ ಪುರುಡು, ಆಮೇಲೆ ನಲವತ್ತು ದಿನವೋ ಮೂರು ತಿಂಗಳೋ, ತವರಿನ ಅನುಕೂಲ ನೋಡಿಕೊಂಡು ಐದು ತಿಂಗಳೋ ಬಾಣಂತನ. ಅರೆಗತ್ತಲೆಯ ಕೋಣೆ, ಕೆಂಡದ ಮೇಲೆ ಸಾಂಬ್ರಾಣಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಗಾಳಿ ಸೋಕೀತು, ದೃಷ್ಟಿಯಾದೀತು ಎಂದು ಹಿರಿಯರು ಹೇಳುತ್ತಿದ್ದರು. ತಾಯಿ ಮಗು ಒಂದಕ್ಕೊಂದು ಅಂಟಿಕೊಳ್ಳಲಿ ಎಂದು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಬ್ಬರನ್ನು ಒಂದೇ ಕೋಣೆಯಲ್ಲಿ ಮೂರು ತಿಂಗಳು ಕೂಡಿಹಾಕಿದರೆ ಇನ್ನೇನಾಗುತ್ತದೆ?

ದತ್ತು ತೆಗೆದುಕೊಂಡವಳಿಗೆ ಬಾಣಂತನ ಮಾಡುವವರಿಲ್ಲ. ಹೆತ್ತಿಲ್ಲ, ಮೈ ಸೋತಿಲ್ಲ, ಅವಳಿಗ್ಯಾಕೆ ಎನ್ನುತ್ತದೆ ಊರು. ಸರ್ಕಾರವೂ ಬಹುಕಾಲ ಹಾಗೇ ಅಂದುಕೊಂಡಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗ ದತ್ತು ತಾಯಿಗೂ 12 ವಾರಗಳ ರಜೆ ಕೊಟ್ಟರು, ಮಗು ಮೂರು ತಿಂಗಳಿಗಿಂತ ಚಿಕ್ಕದಿರಬೇಕು ಎಂಬ ಷರತ್ತಿನೊಡನೆ. ಕಾಗದಪತ್ರವೆಲ್ಲ ಮುಗಿದು ಮಗು ಕೈಗೆ ಬರುವ ಹೊತ್ತಿಗೆ ಆ ಮೂರು ತಿಂಗಳು ಕಳೆದೇ ಹೋಗಿರುವುದು ಸಾಮಾನ್ಯ. ಮೂಗಿಗೆ ತುಪ್ಪ ಸವರಿದ ಹಾಗಾಯಿತು.

ಇನ್ನು ಅಪ್ಪ ಅಮ್ಮ ಇರುವುದು ಕ್ಯಾಲಿಫೋರ್ನಿಯಾದಲ್ಲೋ ಸ್ಟಾಕ್‌ಹೋಮಿನಲ್ಲೋ ಆದರೆ ಹೊಸಿಲಿನ ಮಾತು ಹಾಗಿರಲಿ, ಸಮುದ್ರವನ್ನೇ ದಾಟಬೇಕು. ನಮ್ಮ ಕಡೆಯ ರಾಜಘಟ್ಟದ ರಾಗಿ ಹೊಲಗಳ ಬದುವಿನಲ್ಲಿ ರಾತ್ರಿ ನಿಂತರೆ ದೇವನಹಳ್ಳಿ ಕಡೆಯಿಂದ ಎದ್ದ ವಿಮಾನಗಳು ದೀಪ ಮಿಣುಕಿಸುತ್ತ ಹೋಗುವುದು ಕಾಣುತ್ತದೆ. ಅಲ್ಲಿ ವಿಮಾನ ನಿಲ್ದಾಣ ತೆರೆದ 2008ರ ಮೇ ತಿಂಗಳಿಂದ ನಡೆದಿರುವ ಮೆರವಣಿಗೆ ಅದು. ಅದರಲ್ಲಿ ಯಾವುದೋ ಒಂದರೊಳಗೆ, ಹದಿನೈದು ದಿನದ ಹಿಂದಷ್ಟೇ ಪರಿಚಯವಾದ ಹೆಂಗಸಿನ ಎದೆಗೆ ಬಟ್ಟೆಯಲ್ಲಿ ಬಿಗಿದುಕೊಂಡ ಎರಡು ವರ್ಷದ ಕೂಸೊಂದು ಇರಬಹುದು. ಆ ಹದಿನೈದು ದಿನ ಸಾಕೇ, ಹೆಚ್ಚಾಯಿತೇ, ಅದನ್ನು ಎಲ್ಲಿ ಹೇಗೆ ಕಳೆಯಬೇಕಿತ್ತು ಎಂಬುದರ ಬಗ್ಗೆ ಬಲ್ಲವರಲ್ಲೂ ಒಮ್ಮತವಿಲ್ಲ.

ಮೊದಲು ಆ ದಿನಗಳು ಹುಟ್ಟುವ ಬಗೆ ಹೇಳಬೇಕು. ಭಾರತದ ಮಕ್ಕಳು ವಿದೇಶಕ್ಕೆ ದತ್ತು ಹೋಗುವುದಕ್ಕೆ ಒಂದು ಶಿಸ್ತು ಬಂದದ್ದು 1984ರಲ್ಲಿ, ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯಾಗಿ ಎತ್ತಿಕೊಂಡು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಕೊಟ್ಟಾಗ. ಅದಕ್ಕೆ ಮೊದಲು, ಆಮೇಲೂ ಕೆಲಕಾಲ, ಮಗುವನ್ನು ಬೆಂಗಾವಲಿನವರ ಕೈಯಲ್ಲಿ ವಿಮಾನ ಹತ್ತಿಸಿ ಕಳಿಸುವ ಪದ್ಧತಿಯಿತ್ತು. ಯಾರದೋ ಮಡಿಲಲ್ಲಿ ಹೊರಟು ಇನ್ಯಾರದೋ ಮಡಿಲಿಗೆ ಇಳಿಯುವುದು, ಅದೂ ನಿಲ್ದಾಣದ ಗದ್ದಲದಲ್ಲಿ. ಈಗ ತಂದೆತಾಯಿ ತಾವೇ ಬರಬೇಕು. 1990ರಲ್ಲಿ ಹುಟ್ಟಿದ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿ ‘ಕಾರಾ’, ನಿರಾಕ್ಷೇಪಣಾ ಪತ್ರ ಕೊಡುತ್ತದೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಹೊರಡುವುದು ನ್ಯಾಯಾಲಯದಿಂದಲ್ಲ, ಜಿಲ್ಲಾಧಿಕಾರಿಯಿಂದ. ಬೆಂಗಳೂರು ಗ್ರಾಮಾಂತರದ ಮಗುವಾದರೆ ಬೀರಸಂದ್ರದ ಜಿಲ್ಲಾಡಳಿತ ಭವನದಿಂದ. ಆಮೇಲೆ ಮಗುವಿಗೆ ಪಾಸ್‌ಪೋರ್ಟು, ವೀಸಾ. ಆದೇಶ ಬರುವ ಮೊದಲೇ, ನಿರಾಕ್ಷೇಪಣಾ ಪತ್ರ ಸಿಕ್ಕ ಮೇಲೆ, ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ಭಾರತದೊಳಗೇ ಜೊತೆಗಿಟ್ಟುಕೊಂಡು ಸಾಕಲೂ ಅವಕಾಶವಿದೆ. ಹೀಗೆ ಶಿಶುಗೃಹದ ತೊಟ್ಟಿಲಿಗೂ ವಿಮಾನದ ಸೀಟಿಗೂ ನಡುವೆ ಒಂದು ತೆರಪು ಉಂಟಾಗುತ್ತದೆ. ಅದನ್ನು ಎರಡೇ ವಾರಕ್ಕೆ ಮುಗಿಸಬಹುದು, ಮನಸ್ಸು ಮಾಡಿದರೆ ಎರಡು ತಿಂಗಳಿಗೂ ಎಳೆಯಬಹುದು.

ಎಳೆಯಬೇಕು ಎನ್ನುವವರ ವಾದ ಬಾಣಂತನದ ವಾದವೇ. ಮಗುವಿಗೆ ಅಷ್ಟು ದಿನದಲ್ಲಿ ಬದಲಾದದ್ದನ್ನು ಲೆಕ್ಕ ಹಾಕಿ ನೋಡಿ ಎನ್ನುತ್ತಾರೆ. ಮಲಗುವ ಜಾಗ, ಹಾಲಿನ ರುಚಿ, ಸಾರಿನ ಖಾರ, ಸೋಪಿನ ವಾಸನೆ, ಮುಖಗಳು, ಮಾತು. ನಾವು ಸಲೀಸಾಗಿ ಮರೆಯುವ ಒಬ್ಬಳಿದ್ದಾಳೆ, ಶಿಶುಗೃಹದ ಆಯಾ. ಮಗು ಅವಳನ್ನೇ ಅಮ್ಮ ಎಂದು ಕರೆದಿರುತ್ತದೆ. ಅನಾಥ ಮಗುವಿಗೆ ತಾಯಿ ಸಿಕ್ಕಿದಳು ಎಂದು ನಾವು ಸಿಹಿ ಹಂಚುವಾಗ ಆ ಮಗು, ತನ್ನ ಲೆಕ್ಕದಲ್ಲಿ, ತಾಯಿಯನ್ನು ಕಳೆದುಕೊಂಡಿರುತ್ತದೆ. ಇಂಥ ಮಾತು ಬಂದಾಗ ಯಶೋದೆಯ ಹೆಸರು ಹೇಳಿ ಮುಗಿಸಿಬಿಡುವುದು ನಮ್ಮ ಅಭ್ಯಾಸ. ಯಶೋದೆಗೆ ಕೃಷ್ಣ ಸಿಕ್ಕಿದ್ದು ಹುಟ್ಟಿದ ರಾತ್ರಿಯೇ, ನಿದ್ದೆಯಲ್ಲಿ. ಎರಡು ವರ್ಷ ಇನ್ನೊಬ್ಬರ ತೋಳಲ್ಲಿ ಮಲಗಿ ಬಂದವನನ್ನು ಅವಳು ಸಮಾಧಾನ ಮಾಡಬೇಕಾಗಿ ಬರಲಿಲ್ಲ.

ಇಂಥ ಮಗು ಎಲ್ಲ ಸಲ ಅತ್ತು ತೋರಿಸುವುದೂ ಇಲ್ಲ. ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯದಲ್ಲಿದ್ದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಿತ್ರ ತೋರಿಸಿದರು. ಎಂಟು ದಿನ ಆಸ್ಪತ್ರೆಯಲ್ಲಿ, ತಾಯಿಯಿಂದ ದೂರ ಇರಬೇಕಾಗಿ ಬಂದ ಎರಡು ವರ್ಷದ ಹುಡುಗಿಯ ಚಿತ್ರ. ಅವಳು ರಂಪ ಮಾಡುವುದಿಲ್ಲ. ತುಟಿ ಬಿಗಿಹಿಡಿದು ಒಳ್ಳೆಯ ಹುಡುಗಿಯ ಹಾಗೆ ಇರುತ್ತಾಳೆ, ಅಮ್ಮ ಬಂದಾಗ ಮುಖ ತಿರುಗಿಸುತ್ತಾಳೆ. ‘ಹೊಂದಿಕೊಂಡುಬಿಟ್ಟಿದೆ’ ಎಂದು ದಾದಿಯರು ಹೇಳುತ್ತಿದ್ದ ಸ್ಥಿತಿ ಮಗು ಆಸೆ ಬಿಟ್ಟ ಸ್ಥಿತಿ ಎಂದು ರಾಬರ್ಟ್‌ಸನ್ ತೋರಿಸಿದರು. ವಿಮಾನದಲ್ಲಿ ಹದಿನಾರು ಗಂಟೆ ಹಟ ಮಾಡದೆ ಕೂತ ದತ್ತು ಮಗುವನ್ನು ಕಂಡು ಅಕ್ಕಪಕ್ಕದವರು ಮೆಚ್ಚಿಕೊಂಡರೆ, ತಾಯಿ ಅಷ್ಟೊಂದು ಹಿಗ್ಗಬೇಕಾಗಿಲ್ಲ.

ಆದ್ದರಿಂದ ಬದಲಾವಣೆಗಳನ್ನು ಒಂದೊಂದಾಗಿ ಕೊಡಿ ಎನ್ನುತ್ತದೆ ಈ ಪಕ್ಷ. ಮೊದಲು ಮುಖಗಳು ಮಾತ್ರ ಬದಲಾಗಲಿ. ಊರು, ಹವೆ, ಕಿವಿಗೆ ಬೀಳುವ ಮಾತು, ಅನ್ನದ ಗಂಜಿ ಹಾಗೇ ಇರಲಿ. ಬೆಂಗಳೂರಿನಲ್ಲೇ ಒಂದು ಬಾಡಿಗೆ ಮನೆ ಹಿಡಿದು, ಸಾಧ್ಯವಾದರೆ ಆಯಾ ಒಂದೆರಡು ಸಲ ಬಂದು ಹೋಗಿ, ಮಗು ತಾನಾಗಿ ಹೊಸ ಅಮ್ಮನ ಸೆರಗು ಹಿಡಿಯುವ ತನಕ ಕಾಯಿರಿ. ಆಮೇಲೆ ಹಾರಿ.

ಬೇಗ ಹೊರಡಿ ಎನ್ನುವವರನ್ನು ಕಲ್ಲೆದೆಯವರೆಂದು ತಿಳಿಯುವುದು ಸುಲಭ. ಅವರ ಮಾತನ್ನು ಪೂರ್ತಿ ಕೇಳಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಅವರು ಹೇಳುವುದು ಇಷ್ಟು: ಹೋಟೆಲು, ಸರ್ವಿಸ್ ಅಪಾರ್ಟ್‌ಮೆಂಟು ಯಾವುದೂ ಮನೆಯಲ್ಲ. ಅದಕ್ಕೆ ಒಗ್ಗಿದ ಮಗುವನ್ನು ಅಲ್ಲಿಂದ ಮತ್ತೆ ಕೀಳುವಾಗ ಎರಡನೇ ಸಲ ಗಾಯವಾಗುತ್ತದೆ. ಬೆಳೆಯುವ ಸಸಿಯನ್ನು ಮಡಿಯಿಂದ ಗದ್ದೆಗೆ ನೇರ ನಾಟಬೇಕು, ನಡುವೆ ಇನ್ನೊಂದು ಮಡಿ ಮಾಡುವವರುಂಟೇ? ಅಪ್ಪ ಅಮ್ಮನೂ ಆ ಬಾಡಿಗೆ ಕೋಣೆಯಲ್ಲಿ ಪರದೇಶಿಗಳು. ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ ಗೊತ್ತಿಲ್ಲ, ಜ್ವರ ಬಂದರೆ ಯಾವ ಡಾಕ್ಟರು ಗೊತ್ತಿಲ್ಲ, ದಿನವೂ ಯಾವುದೋ ಕಚೇರಿ. ಕಂಗಾಲಾದ ದೊಡ್ಡವರ ಎದೆಗೆ ಮಗು ಹೇಗೆ ಒರಗೀತು? ಜೊತೆಗೆ ರಜೆಯ ಪಾಡು. ಅಮೆರಿಕದಲ್ಲಿ 1993ರ ಕಾನೂನು ದತ್ತಿಗೂ ಅನ್ವಯಿಸುವ 12 ವಾರಗಳ ರಜೆ ಕೊಡುತ್ತದೆ, ಅದೂ ಸಂಬಳವಿಲ್ಲದೆ, ಅದೂ ಐವತ್ತಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಕಂಪನಿಗಳನ್ನು ಬಿಟ್ಟು. ಬೆಂಗಳೂರಿನಲ್ಲಿ ಕಳೆದ ಪ್ರತಿ ವಾರವೂ ಸ್ವಂತ ಮನೆಯಲ್ಲಿ ಮಗುವಿನೊಡನೆ ಇರಬಹುದಾದ ವಾರದಿಂದ ಕಡಿತ. ಸ್ವೀಡನ್ನಿನವರಿಗೆ ಈ ಸಂಕಟವಿಲ್ಲ, ಅಲ್ಲಿ ಹೆತ್ತವರಿಗೂ ದತ್ತು ಪಡೆದವರಿಗೂ ಒಟ್ಟು 480 ದಿನ. ‘ನಿಧಾನವಾಗಿ ಬನ್ನಿ’ ಎಂಬ ಬುದ್ಧಿವಾದ ಸಂಬಳ ಬರುತ್ತಿರುವವರಿಗೆ ಹೇಳುವ ಮಾತು ಎಂದು ಯಾರಾದರೂ ಸಿಡುಕಿದರೆ ನಾನು ಎದುರಾಡಲಾರೆ.

ಇದಕ್ಕಿಂತ ಗಟ್ಟಿಯಾದದ್ದು ಅವರ ಇನ್ನೊಂದು ಮಾತು. ಪಯಣವೇ ಕೆಲವು ಸಲ ನಂಟು ಬೆಸೆಯುತ್ತದೆ. ಸುತ್ತ ಎಲ್ಲವೂ ಅಪರಿಚಿತವಾದಾಗ ಇಡೀ ಲೋಕದಲ್ಲಿ ಗುರುತಿನ ವಸ್ತು ಒಂದೇ: ಈ ಹೆಂಗಸಿನ ಕುತ್ತಿಗೆಯ ವಾಸನೆ, ಈ ಗಂಡಸಿನ ಕೆಮ್ಮು. ವಿಮಾನ ಏರುವಾಗ ಕಿವಿ ಕಟ್ಟಿ ಅತ್ತ ಕೂಸಿಗೆ ಬಾಟಲಿಯ ಹಾಲು ಕೊಟ್ಟು ನೋವು ಇಳಿಸಿದವಳು ಅವಳೇ. ನಡುರಾತ್ರಿ ಗೊತ್ತಿಲ್ಲದ ನಿಲ್ದಾಣದಲ್ಲಿ ಎತ್ತಿಕೊಂಡು ತಿರುಗಿದವನು ಅವನೇ. ನೋವು, ಕೂಗು, ಸಮಾಧಾನ ಈ ಸುತ್ತು ನೂರು ಸಲ ತಿರುಗಿದಾಗ ಅಂಟು ಹುಟ್ಟುತ್ತದೆ ಎನ್ನುವುದು ಮನೋವೈದ್ಯ ಬೌಲ್ಬಿಯ ಕಾಲದಿಂದ ಒಪ್ಪಿಕೊಂಡು ಬಂದದ್ದು. ಪ್ರಯಾಣ ಆ ಸುತ್ತನ್ನು ಬೇಗ ಬೇಗ ತಿರುಗಿಸುತ್ತದೆ, ಅಷ್ಟೆ.

ಸಂಶೋಧನೆ ಯಾರ ಕಡೆ? ಹೇಗೆ ಓದಿಕೊಂಡರೆ ಹಾಗೆ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು 2009ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದು ವರ್ಷ ತುಂಬುವ ಮೊದಲೇ ದತ್ತಾದ ಮಕ್ಕಳ ಅಂಟು ಹೆತ್ತವರ ಬಳಿಯ ಮಕ್ಕಳಷ್ಟೇ ಗಟ್ಟಿಯಿತ್ತು, ಆಮೇಲೆ ದತ್ತಾದವರದು ಸಡಿಲವಿತ್ತು. ರುಮೇನಿಯದ ಬುಕಾರೆಸ್ಟಿನಲ್ಲಿ 2000ರಲ್ಲಿ 136 ಅನಾಥಾಲಯದ ಮಕ್ಕಳೊಡನೆ ಶುರುವಾದ ಅಧ್ಯಯನದಲ್ಲೂ ಎರಡು ವರ್ಷದೊಳಗೆ ಮನೆಗಳಿಗೆ ಹೋದವರು ಹೆಚ್ಚು ಚೇತರಿಸಿಕೊಂಡರು. ಭಗವತಿಯವರ 1984ರ ತೀರ್ಪು ಕೂಡ ಸಾಧ್ಯವಾದಷ್ಟೂ ಮೂರು ತುಂಬುವ ಮೊದಲೇ ಮಗು ಹೋಗಲಿ ಎಂದಿತ್ತು. ಇದನ್ನು ಹಿಡಿದು, ನೋಡಿ, ತಡ ಮಾಡಬಾರದು ಎನ್ನಬಹುದು. ಆದರೆ ಈ ಅಧ್ಯಯನಗಳು ಅಳೆದದ್ದು ಅನಾಥಾಲಯದಲ್ಲಿ ಕಳೆದ ತಿಂಗಳುಗಳನ್ನು. ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿ ಕಳೆದ ವಾರಗಳನ್ನಲ್ಲ. ಕಡತ ಮೇಜಿನಿಂದ ಮೇಜಿಗೆ ತೆವಳುವ ವರ್ಷಗಳ ಬಗ್ಗೆ ಯಾರೂ ಜಗಳವಾಡದೆ, ಕೊನೆಯ ಆರು ವಾರಕ್ಕೆ ಇಷ್ಟು ಜಗಳವಾಡುವುದು ನನಗೆ ಸ್ವಲ್ಪ ನಗು ತರಿಸುತ್ತದೆ.

ಮಗುವಿನ ವಯಸ್ಸು ಕೇಳದೆ ಈ ಜಗಳಕ್ಕೆ ಇಳಿಯಲೂಬಾರದು. ವಿದೇಶೀಯರಿಗೆ ಹೋಗುವ ಮಕ್ಕಳಲ್ಲಿ ಬಹಳಷ್ಟು ಜನ ಇಲ್ಲಿ ಯಾರೂ ತೆಗೆದುಕೊಳ್ಳದ ದೊಡ್ಡ ಮಕ್ಕಳು, ಅಣ್ಣತಂಗಿ ಜೋಡಿಗಳು, ವಿಶೇಷ ಆರೈಕೆ ಬೇಕಾದವರು. ಹೃದಯದ ಶಸ್ತ್ರಕ್ರಿಯೆ ಕಾಯುತ್ತಿರುವ ಕೂಸನ್ನು ಒಗ್ಗಿಕೊಳ್ಳಲಿ ಎಂದು ತಿಂಗಳು ಇಟ್ಟುಕೊಳ್ಳಲಾಗದು. ಏಳು ವರ್ಷದ ಹುಡುಗನಂತೂ ಅಪ್ಪ ಅಮ್ಮನ ಫೋಟೊವನ್ನು ದಿಂಬಿನಡಿ ಇಟ್ಟುಕೊಂಡು ತಿಂಗಳುಗಟ್ಟಲೆ ಕಾದಿರುತ್ತಾನೆ. ಅವನಿಗೆ ವಿಮಾನವೆಂದರೆ ಜಾತ್ರೆ. ಅಂಥವನ ಜೊತೆ ಹೊರಡುವ ಮೊದಲು ನಾಲ್ಕು ದಿನ ನಂದಿಬೆಟ್ಟವೋ ಮೈಸೂರೋ ಸುತ್ತಿದರೆ ಮೂವರಿಗೂ ಸೇರಿದ ಮೊದಲ ನೆನಪು ಅವನ ನಾಡಿನದೇ ಆಗುತ್ತದೆ. ಒಂದೂವರೆ ವರ್ಷದ ಕೂಸಿನ ಜೊತೆ ಅದೇ ಸುತ್ತಾಟ ದಿನಕ್ಕೊಂದು ಹೊಸ ಹಾಸಿಗೆ, ಅಷ್ಟೆ. ವಿದೇಶದಿಂದ ಬಂದ ದಂಪತಿಗಳು ಕ್ಯಾಮೆರಾ ಹಿಡಿದು ಅರಮನೆ ನೋಡುವುದಕ್ಕೆ ನನ್ನ ತಕರಾರಿಲ್ಲ. ಯಾರಿಗಾಗಿ ನೋಡುತ್ತಿದ್ದೇವೆ ಎಂದು ತಮ್ಮನ್ನೇ ಒಮ್ಮೆ ಕೇಳಿಕೊಂಡರೆ ಸಾಕು.

ಈಗ ನಮ್ಮವರ ಕತೆ. ಹೊರದೇಶದಲ್ಲಿ ನೆಲೆಸಿದ ಭಾರತೀಯ ಪ್ರಜೆಗಳಿಗೆ ದತ್ತಿನ ಸಾಲಿನಲ್ಲಿ ಇಲ್ಲಿಯವರಷ್ಟೇ ಆದ್ಯತೆಯಿದೆ. ಅವರಲ್ಲಿ ಕ್ಯಾಲಿಫೋರ್ನಿಯಾದ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಗಂಡನ ಊರು ರಾಜಘಟ್ಟವೇ ಆಗಿರಲಿ. ಅವನ ತಾಯಿ ಎಷ್ಟೋ ವರ್ಷದ ಹಿಂದೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ, ಮಗನ ಮನೆಯಲ್ಲಿ ತೊಟ್ಟಿಲು ತೂಗಲಿ ಎಂದು ನಾಗರಕಲ್ಲು ನಿಲ್ಲಿಸಿ ಬಂದವರು. ಅಲ್ಲಿ ಸಾಲುಸಾಲಾಗಿ ನಿಂತ ಕಲ್ಲುಗಳಲ್ಲಿ ಅಂಥ ಹರಕೆ ಎಷ್ಟಿವೆಯೋ. ಈಗ ಮಗ ಸೊಸೆ ಹದಿನಾರು ತಿಂಗಳ ಹೆಣ್ಣುಕೂಸಿನೊಡನೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾರೆ. ಊರಿಗೆ ಒಂದೂವರೆ ಗಂಟೆಯ ದಾರಿ. ಕರೆದುಕೊಂಡು ಬರುವುದೋ ಬೇಡವೋ?

ಬೇಡ ಎನ್ನುತ್ತಾಳೆ ಸೊಸೆ. ಅವಳು ಓದಿಕೊಂಡಿದ್ದಾಳೆ. ಮೊದಲ ಕೆಲವು ವಾರ ಮಗುವಿಗೆ ಉಣಿಸುವುದು, ಮೀಯಿಸುವುದು, ಮಲಗಿಸುವುದು ಎಲ್ಲ ಅಪ್ಪ ಅಮ್ಮನೇ ಮಾಡಬೇಕು, ಬೇರೆಯವರು ಎತ್ತಿಕೊಳ್ಳಬಾರದು ಎಂಬುದು ಪಶ್ಚಿಮದ ದತ್ತು ಸಲಹೆಗಾರರು ತಪ್ಪದೆ ಹೇಳುವ ಮಾತು. ಅದರ ಹಿಂದೆ ಕಾರಣವಿದೆ. ಪಾಳಿಯ ಮೇಲೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗು ಯಾರ ಕೈಗಾದರೂ ಹೋಗುತ್ತದೆ, ಯಾರನ್ನಾದರೂ ನೋಡಿ ನಗುತ್ತದೆ. ಹಳ್ಳಿಯ ಜಗುಲಿಯಲ್ಲಿ ಅದಕ್ಕೆ ಹೊಗಳಿಕೆಯೇ ಸಿಗುತ್ತದೆ: ‘ಅಯ್ಯೋ, ಎಷ್ಟ್ ಚೂಟಿ ಮಗ, ಒಂಚೂರೂ ಬೇದ ಇಲ್ಲ, ಎಲ್ರತ್ರಾನೂ ಬತ್ತದೆ.’ ರುಮೇನಿಯದ ಅನಾಥಾಲಯಗಳ ಮಕ್ಕಳನ್ನು ಗಮನಿಸಿದವರು ಅದೇ ಗುಣವನ್ನು ಚಿಂತೆಯ ಪಟ್ಟಿಯಲ್ಲಿ ಬರೆದಿದ್ದಾರೆ. ಇವಳು ನನ್ನವಳು, ಉಳಿದವರು ಹೊರಗಿನವರು ಎಂಬ ಭೇದ ಮಗುವಿಗೆ ಮೊದಲು ಹುಟ್ಟಬೇಕು. ಊರ ತುಂಬ ಸೊಂಟದಿಂದ ಸೊಂಟಕ್ಕೆ ಹೋಗುತ್ತಿದ್ದರೆ ಅದು ಹುಟ್ಟುವುದು ಯಾವಾಗ?

ಅತ್ತೆಯ ಮಾತನ್ನೂ ಕೇಳಬೇಕು. ನಮ್ಮಲ್ಲಿ ಯಾವ ಮಗು ತಾನೇ ಒಬ್ಬರ ಕೈಯಲ್ಲಿ ಬೆಳೆದದ್ದು? ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯ ಅಕ್ಕ ಎಲ್ಲರ ಮಡಿಲೂ ಮಗುವಿನದು, ಆದರೂ ಕತ್ತಲಾದರೆ ಅದಕ್ಕೆ ಅಮ್ಮನೇ ಬೇಕು. ದಿನವೂ ಬರುವ ನಾಲ್ಕು ಮುಖಗಳಿಗೂ ಪಾಳಿಯಲ್ಲಿ ಬದಲಾಗುವ ನಲವತ್ತು ಮುಖಗಳಿಗೂ ವ್ಯತ್ಯಾಸವಿದೆ. ಇನ್ನೊಂದು, ಅವರು ಹೇಳದಿದ್ದರೂ ಇರುವುದು. ಈ ಮಗು ಯಾರದೋ, ಯಾವ ಜಾತಿಯದೋ ಎಂಬ ಗುಸುಗುಸು ಬೀದಿಯಲ್ಲಿ ಎದ್ದೇ ಏಳುತ್ತದೆ. ಅಜ್ಜಿ ತೊಟ್ಟಿಲು ಕಟ್ಟಿ, ಹೆಸರಿಟ್ಟು, ನೆರೆಹೊರೆಗೆ ಉಂಡೆ ಹಂಚಿಬಿಟ್ಟರೆ ಆ ಬಾಯಿಗಳಿಗೆ ಬೀಗ. ಊರು ನೋಡದೆ ವಿಮಾನ ಹತ್ತಿದ ಮಗು ಮುಂದೆ ಪ್ರತಿ ಬೇಸಿಗೆ ರಜೆಯಲ್ಲೂ ‘ಅಮೆರಿಕದಿಂದ ತಂದುಕೊಂಡ ಮಗು’ವಾಗಿಯೇ ಉಳಿಯುತ್ತದೆ, ಅದು ಇಲ್ಲಿಯದೇ ಆಗಿದ್ದರೂ.

ಇಬ್ಬರಲ್ಲಿ ಒಬ್ಬರನ್ನು ಆರಿಸಲೇಬೇಕೆಂದರೆ ನಾನು ಮೊದಲ ಮೂರು ವಾರ ಸೊಸೆಯ ಕಡೆ, ನಾಲ್ಕನೆಯ ವಾರ ಅತ್ತೆಯ ಕಡೆ. ಊರಿಗೆ ಬರಲಿ, ಆದರೆ ಜನ ಸೇರಿಸುವುದು ಬೇಡ. ಅಜ್ಜಿ ಎತ್ತಿಕೊಳ್ಳಲಿ, ಉಣಿಸುವುದನ್ನು ಅಮ್ಮನಿಗೆ ಬಿಡಲಿ. ಅಜ್ಜಿಗೆ ರಾಗಿ ಸರಿ ಕಾಯಿಸುವ ಕೆಲಸವೇ ಬೇಕಾದಷ್ಟಿದೆ. ನೋಡಲು ಬಂದವರಿಗೆ ಮಗು ಮಲಗಿದೆ ಎಂದು ಸುಳ್ಳು ಹೇಳುವುದರಲ್ಲಿ ನಮ್ಮ ಅಜ್ಜಿಯರನ್ನು ಮೀರಿಸಿದವರಿಲ್ಲ. ಬಾಣಂತನದ ಕಾಲದಿಂದ ಬಂದ ವಿದ್ಯೆ ಅದು.

ಮಾತಿನ ವಿಷಯಕ್ಕೆ ಬಂದರೆ ಎರಡೂ ಕಡೆಯವರಿಗೆ ಒಂದೊಂದು ಅಚ್ಚರಿ ಕಾದಿದೆ. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿ ಬೆಳೆದವರನ್ನು ಪ್ಯಾರಿಸಿನ ಸಂಶೋಧಕರು 2003ರಲ್ಲಿ ಪರೀಕ್ಷಿಸಿದರು. ಕೊರಿಯನ್ ವಾಕ್ಯಗಳನ್ನು ಗುರುತಿಸುವುದಕ್ಕೂ ಅವರಿಗೆ ಆಗಲಿಲ್ಲ, ಅವನ್ನು ಕೇಳುವಾಗಿನ ಮಿದುಳಿನ ಚಿತ್ರದಲ್ಲೂ ಅವರಿಗೂ ಹುಟ್ಟು ಫ್ರೆಂಚರಿಗೂ ಭೇದ ಕಾಣಲಿಲ್ಲ. ಎಂಟು ವರ್ಷದ ತನಕ ಆಡಿದ ಮಾತು ಕೂಡ ಅಳಿಸಿಹೋಗಿತ್ತು. ಆದರೆ 2014ರಲ್ಲಿ ಮಾಂಟ್ರಿಯಲ್‌ನವರು ಚೀನಾದಿಂದ ಸುಮಾರು ಒಂದು ವರ್ಷಕ್ಕೇ ಬಂದು, ಫ್ರೆಂಚ್ ಮಾತ್ರ ಬಲ್ಲ ಹುಡುಗಿಯರಿಗೆ ಚೀನೀ ಸ್ವರಗಳನ್ನು ಕೇಳಿಸಿದಾಗ ಅವರ ಮಿದುಳು ಚೀನೀ ಬಲ್ಲವರ ಹಾಗೆಯೇ ಮಿಡಿಯಿತು. 2017ರಲ್ಲಿ ನೆದರ್ಲೆಂಡ್ಸಿನಲ್ಲಿ, ಕೊರಿಯಾದಲ್ಲಿ ಹುಟ್ಟಿ ದತ್ತಾಗಿ ಬಂದ ದೊಡ್ಡವರು ಆ ಭಾಷೆಯ ಉಚ್ಚಾರಗಳನ್ನು ಉಳಿದವರಿಗಿಂತ ಬೇಗ ಕಲಿತರು. ಮಾತು ಹೋಗುತ್ತದೆ, ಕಿವಿ ಮರೆಯುವುದಿಲ್ಲ ಎಂದು ಇದನ್ನೆಲ್ಲ ಸೇರಿಸಿ ಓದಬಹುದು. ನಾಲ್ಕು ವಾರ ಹೆಚ್ಚು ಕನ್ನಡ ಕೇಳಿಸುವುದರಿಂದ ಮುಂದೆ ಮಗು ಕನ್ನಡ ಮಾತಾಡುತ್ತದೆ ಎಂಬ ಆಸೆ ಬೇಡ. ಆದರೆ ಹೊಸ ಅಮ್ಮ, ಸ್ವೀಡಿಷಳೇ ಆಗಿರಲಿ, ‘ಬಾ ಕಂದ’, ‘ಹಸಿವಾ?’, ‘ಆಯ್ತು ಆಯ್ತು’ ಎಂಬಂಥ ನಾಲ್ಕು ಮಾತು ಆಯಾಳಿಂದ ಕಲಿತುಕೊಂಡರೆ ಆ ರಾತ್ರಿಗಳಿಗಾದರೂ ಆಸರೆಯಾಗುತ್ತದೆ. ಕ್ಯಾಲಿಫೋರ್ನಿಯಾದ ನಮ್ಮ ಕನ್ನಡದ ಜೋಡಿಗೆ ಈ ಭಾಗ್ಯ ಹುಟ್ಟಿನಿಂದಲೇ ಇದೆ. ಮನೆಯೊಳಗೆ ಇಂಗ್ಲಿಷಿನಲ್ಲೇ ಜೋಗುಳ ಹಾಡುವ ಕೆಲವರನ್ನು ಕಂಡಾಗ ಮಾತ್ರ ನನಗೆ ಸ್ವಲ್ಪ ಹೊಟ್ಟೆಯುರಿಯುತ್ತದೆ.

ಮಗು ದೇಶ ಬಿಟ್ಟು ಹೋಗಲೇಬೇಕೇ ಎಂಬ ಹಳೆಯ ಪ್ರಶ್ನೆ ಈಗ ಹೊಸದಾಗಿ ಎದ್ದಿದೆ. ಚೀನಾ 2024ರಲ್ಲಿ ಬಾಗಿಲು ಹಾಕಿತು, ನೆದರ್ಲೆಂಡ್ಸ್ ಅದೇ ವರ್ಷ ಹೊರದೇಶದ ದತ್ತು ನಿಲ್ಲಿಸುವ ತೀರ್ಮಾನ ಮಾಡಿತು, ಸ್ವೀಡನ್ನಿನ ತನಿಖಾ ಆಯೋಗ 2025ರಲ್ಲಿ ನಿಲ್ಲಿಸಿ ಎಂದು ಶಿಫಾರಸು ಮಾಡಿತು. ಯುರೋಪಿನ ಈ ಎರಡು ದೇಶಗಳ ಮಟ್ಟಿಗೆ, ದಶಕಗಳ ಕಾಲ ನಡೆದ ಸುಳ್ಳು ಕಾಗದಗಳು, ಕದ್ದ ಮಕ್ಕಳು ಹೊರಬಂದದ್ದೇ ಕಾರಣ. 2003ರಲ್ಲಿ ಹೇಗ್ ಒಡಂಬಡಿಕೆಗೆ ಸೇರಿದ ಭಾರತ ಮೊದಲು ಇಲ್ಲೇ ಮನೆ ಹುಡುಕಬೇಕೆಂಬ ನಿಯಮಕ್ಕೆ ಕಟ್ಟುಬಿದ್ದಿದೆ. ಅದು ಬೇರೆಯೇ ಲೇಖನದ ವಸ್ತು. ಹೋಗುವುದು ಖಚಿತವಾದ ಮಗುವಿನ ಮಟ್ಟಿಗೆ ಉಳಿದಿರುವುದು ಆ ಕೆಲವು ವಾರಗಳ ಪ್ರಶ್ನೆಯೇ. ಹೋದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ವರದಿ ಬರಬೇಕೆಂಬ ನಿಯಮವಿದೆ. ತೂಕ, ಎತ್ತರ, ಶಾಲೆ ಎಲ್ಲ ಅದರಲ್ಲಿ ಬರುತ್ತದೆ. ರಾತ್ರಿ ಎದ್ದಾಗ ಯಾರನ್ನು ಕೂಗುತ್ತದೆ ಎಂಬ ಒಂದು ಸಾಲು ಅದರಲ್ಲಿದ್ದರೆ ನನಗೆ ಉಳಿದ ಪುಟಗಳು ಬೇಕಾಗಿಲ್ಲ.

ಮತ್ತೆ ರಾಜಘಟ್ಟಕ್ಕೆ ಬಂದರೆ, ಅಲ್ಲಿ ಬೂದಿಗುಂಟೆ ಎಂದು ಕರೆಯುವ ಒಂದು ದಿಬ್ಬವಿತ್ತು. ಬೂದಿಮಣ್ಣು ಪೈರಿಗೆ ಒಳ್ಳೆಯದೆಂದು ರೈತರು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಅಗೆದಾಗ ಅಡಿಯಲ್ಲಿ ಬೌದ್ಧ ವಿಹಾರ, ಚೈತ್ಯ, ಮಣ್ಣಿನಲ್ಲಿ ಮಾಡಿದ ಪುಟ್ಟ ಪುಟ್ಟ ಹರಕೆ ಸ್ತೂಪಗಳು ಸಿಕ್ಕವು. ಹರಕೆಯ ವಸ್ತುವನ್ನು ಅಂಗೈಗೆ ಹಿಡಿಯುವಷ್ಟೇ ಮಾಡುವುದು ದಾರಿ ನಡೆಯುವವರ ಅನುಕೂಲಕ್ಕೆ ಎಂದು ನನ್ನ ಊಹೆ.

ನಮ್ಮ ಕಲ್ಪನೆಯ ಕೂಸಿನ ಬಳಿಯೂ ಅಂಗೈಯಗಲದ ಒಂದು ವಸ್ತುವಿದೆ. ಶಿಶುಗೃಹದಿಂದ ತಂದ ಹಳೆಯ ಟವೆಲಿನ ತುಂಡು. ಮಲಗುವಾಗ ಅದರ ತುದಿ ಬಾಯಲ್ಲಿರಬೇಕು. ನಾಲ್ಕನೆಯ ವಾರ ರಾಜಘಟ್ಟದ ಮನೆಗೆ ಬಂದಾಗ ಅಜ್ಜಿಯ ಕಣ್ಣಿಗೆ ಮೊದಲು ಬೀಳುವುದೂ ಅದೇ. ಜೊಲ್ಲು, ಕೊಳೆ, ಹುಳಿ ವಾಸನೆ. ಒಗೆಯಬೇಡಿ, ಆ ವಾಸನೆಯೇ ಅದಕ್ಕೆ ಬೇಕು ಎನ್ನುತ್ತಾಳೆ ಸೊಸೆ. ಗಲೀಜು ಬಾಯಿಗೆ ಹೋದರೆ ವಾಂತಿಭೇದಿ, ಆಮೇಲೆ ವಿಮಾನದಲ್ಲಿ ಯಾರು ನೋಡುತ್ತಾರೆ ಎನ್ನುತ್ತಾರೆ ಅತ್ತೆ. ಇಬ್ಬರ ಮಾತೂ ನಿಜ. ಮಗು ಮಲಗಿದ ಮೇಲೆ ಅಜ್ಜಿ ಮೆಲ್ಲಗೆ ಅದನ್ನು ಎಳೆದುಕೊಂಡು ಹಿತ್ತಲಿಗೆ ಹೋಗುತ್ತಾರೆ. ಒಗೆಯುವ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತು, ಟವೆಲನ್ನು ಉದ್ದಕ್ಕೆ ಎರಡಾಗಿ ಹರಿದು, ಒಂದು ತುಂಡನ್ನು ಬಕೆಟ್ಟಿಗೆ ಹಾಕುತ್ತಾರೆ. ಇನ್ನೊಂದನ್ನು ತಂದು ಮಗುವಿನ ಮುಷ್ಟಿಯಲ್ಲಿ ಮತ್ತೆ ಇಡುತ್ತಾರೆ.